ಅರ್ಕಾವತಿಯ ನೀರು ಎಲ್ಲಿ ಹೋಯಿತು?

ನಂದಿಬೆಟ್ಟದಲ್ಲಿ ಹುಟ್ಟಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಕೂಡುವ ಅರ್ಕಾವತಿಯು ದೊಡ್ಡ ನದಿಯೇನೂ ಅಲ್ಲ. ಆದರೂ ಬೆಂಗಳೂರು ನಗರವು ನಲ್ಲಿಯ ನೀರನ್ನು ಮೊದಲು ಕಂಡದ್ದು ಈ ಹೊಳೆಯ ದೆಸೆಯಿಂದ. ೧೮೯೪ರಲ್ಲಿ ಹೆಸರಘಟ್ಟದ ಜಲಾಶಯವೂ ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವೂ ಸಿದ್ಧವಾದುವು. ೧೯೭೪ರಲ್ಲಿ ಕಾವೇರಿಯ ನೀರು ಬಂದಮೇಲೆ ಪಟ್ಟಣಿಗರಾದ ನಾವು ಈ ಹಳೆಯ ಉಪಕಾರವನ್ನು ಮರೆತೆವು. ಹೊಳೆಯೂ ಬತ್ತುತ್ತ ಬಂದಿತು.

ಬತ್ತಿದ್ದೇಕೆಂದು ಕೇಳಿದರೆ ಬಹುಮಂದಿ ಮಳೆಯನ್ನು ದೂರುವರು. ಪಾಪ, ಮಳೆರಾಯನು ಎದುರುತ್ತರ ಕೊಡಲಾರನಷ್ಟೆ! ಈ ಸೀಮೆಯ ಮಳೆಯ ಲೆಕ್ಕವನ್ನು ಪರಿಶೀಲಿಸಿದ ಸಂಶೋಧಕರಾದರೋ, ಮಳೆಯ ಕೊರತೆಯು ಇದಕ್ಕೆ ಮುಖ್ಯ ಕಾರಣವಲ್ಲವೆನ್ನುತ್ತಾರೆ. ಅವರ ಸಂಶಯವಿರುವುದು ಕೊಳವೆಬಾವಿಗಳ ಮೇಲೆ ಮತ್ತು ನೀಲಗಿರಿಯ ತೋಪುಗಳ ಮೇಲೆ.

ಇದು ಹೇಗೆಂಬುದನ್ನು ಕೊಂಚ ವಿವರಿಸಬೇಕು. ಮಳೆ ನಿಂತು ಎಷ್ಟೋ ದಿನಗಳಾದ ಮೇಲೂ ಹಳ್ಳದಲ್ಲಿ ಹರಿಯುವ ನೀರು ನೇರವಾಗಿ ಮುಗಿಲಿನಿಂದ ಬಂದುದಲ್ಲ. ನೆಲದೊಳಗೆ ಇಂಗಿ, ಮೆಲ್ಲಮೆಲ್ಲನೆ ಒಸರಿ ಬಂದುದು. ಅಂತರ್ಜಲದ ಮಟ್ಟವು ಹಳ್ಳದ ತಳಕ್ಕಿಂತ ಮೇಲಿರುವವರೆಗೆ ನೆಲವು ಹೊಳೆಗೆ ಉಣಿಸುತ್ತದೆ. ಮಟ್ಟವು ಕೆಳಗಿಳಿಯಿತೆಂದರೆ ವ್ಯವಹಾರವೇ ತಿರುಗುಮುರುಗು; ಹಳ್ಳಕ್ಕೆ ಬಂದ ಅಷ್ಟಿಷ್ಟು ನೀರನ್ನೂ ನೆಲವೇ ಹೀರಿಬಿಡುತ್ತದೆ. ಕೊಳವೆಬಾವಿಗಳು ಸಾವಿರ ಅಡಿಯವರೆಗೆ ಇಳಿದಿರುವ ಸೀಮೆಯಲ್ಲಿ ಒಸರು ಎಲ್ಲಿಂದ ಬರಬೇಕು? ನೀಲಗಿರಿಯ ಬೇರುಗಳೂ ಆಳಕ್ಕಿಳಿದು, ಕೆಳಕ್ಕೆ ಇಂಗಬೇಕಾದ ನೀರನ್ನು ನಡುವೆಯೇ ಕುಡಿಯುತ್ತವೆ.

ಹಾಗೆಂದು ರೈತನನ್ನು ಅಪರಾಧಿಯೆನ್ನಲು ನಮಗೆ ಮನಸ್ಸಿಲ್ಲ. ಕೆರೆ ತುಂಬದ ಮೇಲೆ ಅವನಿಗೆ ಕೊಳವೆಬಾವಿಯಲ್ಲದೆ ಬೇರೆ ಗತಿಯೇನು? ಕೂಲಿಯಾಳು ದೊರೆಯದ ಹೊಲದಲ್ಲಿ ನೀಲಗಿರಿಯನ್ನು ನೆಟ್ಟವನೂ ಹೊಟ್ಟೆಪಾಡನ್ನೇ ನೋಡಿದನು. ಅವನು ಬೆಳೆದ ಸೊಪ್ಪು ತರಕಾರಿಗಳನ್ನು ಕೊಳ್ಳುವವರು ನಾವೇ ಅಲ್ಲವೆ?

ಸರ್ಕಾರವು ಕೈಕಟ್ಟಿ ಕುಳಿತಿಲ್ಲ. ತಿಪ್ಪಗೊಂಡನಹಳ್ಳಿಗೆ ನೀರು ಹರಿದುಬರುವ ಪ್ರದೇಶದಲ್ಲಿ ಕಟ್ಟಡ ಕಾರ್ಖಾನೆಗಳಿಗೆ ೨೦೦೩ರಲ್ಲಿ ಕಟ್ಟುಪಾಡುಗಳನ್ನು ವಿಧಿಸಿತು. ೨೦೧೭ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹೂಳೆತ್ತುವ, ಒತ್ತುವರಿ ಬಿಡಿಸುವ ಕೆಲಸಗಳೂ ನಡೆದಿವೆ. ಇವೆಲ್ಲ ಬೇಕಾದುವೇ. ಆದರೆ ಇವು ಕಣ್ಣಿಗೆ ಕಾಣುವ ಪಾತ್ರದ ಉಪಚಾರ. ರೋಗವಿರುವುದು ಅದರ ಅಡಿಯಲ್ಲಿ. ಎತ್ತುವ ನೀರಿಗೆ ಒಂದು ಮಿತಿಯನ್ನು ಗೊತ್ತುಮಾಡದೆ ಹೊಳೆಯು ಮರಳಿ ಹರಿಯುವುದೆಂದು ನಾವು ನಂಬೆವು.

ಆ ಮಿತಿಯನ್ನು ರೈತನೊಬ್ಬನ ಮೇಲೆಯೇ ಹೇರುವುದು ನ್ಯಾಯವಲ್ಲ. ಒಂದೊಂದು ಕೆರೆಯ ಸುತ್ತಣ ಹಳ್ಳಿಗಳವರು ಕೂಡಿ ಬಾವಿಗಳ ಮಟ್ಟವನ್ನು ಅಳೆದು, ಆ ವರ್ಷ ಯಾವ ಬೆಳೆಗೆ ನೀರು ಸಾಕೆಂದು ತೀರ್ಮಾನಿಸಲಿ. ಅದರಿಂದಾಗುವ ನಷ್ಟದಲ್ಲಿ ಒಂದು ಪಾಲನ್ನು ನೀರುಂಡ ಪಟ್ಟಣವು ಭರಿಸಲಿ. ಇಂಥದೊಂದು ಏರ್ಪಾಡನ್ನು ನಂದಿಯ ತಪ್ಪಲಿನ ಯಾವುದಾದರೊಂದು ಹಳ್ಳದಲ್ಲಿ ಮೊದಲು ಪರೀಕ್ಷಿಸಿ ನೋಡಬಹುದು.