ಹೊಸ ಚೆಂಡು ಯಾರ ಕೈಗೆ?

ಸಕಲೇಶಪುರದ ಮಳೆಗಾಲವನ್ನು ಕಂಡವರಿಗೆ ಗೊತ್ತು, ಅಲ್ಲಿ ಜೂನ್ ಕಳೆದು ದಸರೆ ಬರುವವರೆಗೆ ಆಟವೆಂಬುದು ಬಾಯಿಯಿಂದ ಆಡತಕ್ಕದ್ದೇ ಹೊರತು ಕೈಕಾಲುಗಳಿಂದಲ್ಲ. ಹೇಮಾವತಿ ಕೆಂಪಾಗಿ ಹರಿಯುತ್ತಿರುವಾಗ, ಆಟದ ಬಯಲು ಕೆರೆಯಾಗಿರುವಾಗ, ಕ್ರಿಕೆಟ್ಟಿನ ಭಕ್ತರಾದ ನಾವು ಐದಾರು ಮಂದಿ ಬಸ್ ನಿಲ್ದಾಣದ ಹತ್ತಿರದ ಒಂದು ಕಾಫಿ ಹೋಟೆಲಿನಲ್ಲಿ ಸೇರಿ ಭಾರತದ ತಂಡವನ್ನು ಆರಿಸುತ್ತಿದ್ದೆವು. ಆಗ ನಾನು ಒಂದು ಕಾಲೇಜಿನಲ್ಲಿ ಅಧ್ಯಾಪಕ. ಜೊತೆಗೆ ಊರಿನ ತಂಡದ ನಾಯಕ. ಹೊಸ ಚೆಂಡನ್ನು ಮೊದಲು ಎಸೆಯುವ ಹಕ್ಕು ನನ್ನದೆಂದು ಹದಿನೈದು ವರ್ಷದಿಂದ ನಂಬಿಕೊಂಡಿದ್ದವನು.

1993ರ ಆ ಮಳೆಗಾಲದಲ್ಲಿ ನಮ್ಮ ವಾದವೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತಿತ್ತು: ಕಪಿಲ್ ದೇವ್ ಉಳಿಯಬೇಕೇ, ಜಾವಗಲ್ ಶ್ರೀನಾಥರಿಗೆ ಎಡೆಮಾಡಿಕೊಡಬೇಕೇ? ಶ್ರೀನಾಥರು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಆದರೆ ಹೆಸರಿನ ಹಿಂದಿರುವ ಜಾವಗಲ್ಲು ನಮ್ಮ ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನದು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹನ ಗುಡಿಯಿರುವ ಊರು. ನಮ್ಮದು ಮಲೆನಾಡು, ಅದು ಬಯಲುಸೀಮೆ. ನಮ್ಮಲ್ಲಿ ಆ ಊರನ್ನು ಕಂಡವರು ಒಬ್ಬರೋ ಇಬ್ಬರೋ. ಆದರೂ ಆ ಮೂರಕ್ಷರದ ದೆಸೆಯಿಂದ ನಾವೆಲ್ಲ ಶ್ರೀನಾಥರ ದಾಯಾದಿಗಳಂತೆ ಮಾತನಾಡುತ್ತಿದ್ದೆವು.

ದಾಯಾದಿಗಳ ದೂರಿಗೆ ಆಧಾರವಿಲ್ಲದಿರಲಿಲ್ಲ. 1989ರಲ್ಲಿ ಕರ್ನಾಟಕದ ಪರವಾಗಿ ತಾನಾಡಿದ ಮೊದಲನೆಯ ರಣಜಿ ಪಂದ್ಯದಲ್ಲಿಯೇ ಹೈದರಾಬಾದಿನ ಮೇಲೆ ಹ್ಯಾಟ್ರಿಕ್ ಪಡೆದ ಹುಡುಗ. 1991ರ ನವೆಂಬರಿನಲ್ಲಿ ಬ್ರಿಸ್ಬೇನಿನಲ್ಲಿ ಟೆಸ್ಟ್ ಟೋಪಿ ಧರಿಸಿದವನು. ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳ ಗಟ್ಟಿ ನೆಲದ ಮೇಲೆ ಅವನು ಬೇಕು. ಸ್ವದೇಶಕ್ಕೆ ಮರಳಿದೊಡನೆ ಬೇಡ. 1993ರಲ್ಲಿ ಇಂಗ್ಲೆಂಡಿನೊಡನೆ ಮೂರು, ಜಿಂಬಾಬ್ವೆಯೊಡನೆ ಒಂದು, 1994ರ ಆರಂಭದಲ್ಲಿ ಶ್ರೀಲಂಕೆಯೊಡನೆ ಮೂರು, ಹೀಗೆ ನಮ್ಮ ನೆಲದಲ್ಲಿ ನಡೆದ ಏಳು ಟೆಸ್ಟುಗಳಲ್ಲಿ ಒಂದರಲ್ಲಿಯೂ ಅವನಿಗೆ ಸ್ಥಾನವಿರಲಿಲ್ಲ. ಕಪಿಲರೋ, ನ್ಯೂಜಿಲೆಂಡಿನ ಹ್ಯಾಡ್ಲಿಯ 431 ವಿಕೆಟ್ಟುಗಳ ದಾಖಲೆಯತ್ತ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು.

ನಮ್ಮ ಕೂಟದಲ್ಲಿ ಅಂಚೆ ಕಚೇರಿಯ ಹಿರಿಯರೊಬ್ಬರು ಕಪಿಲರ ಪಕ್ಷ. ಹೆಸರಿನಲ್ಲಿಯೇ ದೇವರಿರುವಾಗ ತರ್ಕವೇತಕ್ಕೆ ಎಂಬುದು ಅವರ ನಿಲುವು. "1983ರಲ್ಲಿ ವಿಶ್ವಕಪ್ಪನ್ನು ಎತ್ತಿದ ಕೈ ಮೇಷ್ಟ್ರೇ ಅದು. ಬ್ಯಾಟೂ ಹಿಡಿಯುತ್ತೆ. ದಾಖಲೆ ಬಂದರೆ ಅದು ದೇಶದ್ದು. ಹುಡುಗನಿಗೇನು ಅವಸರ? ಕಾಯಲಿ," ಎನ್ನುತ್ತಿದ್ದರು. ಎಸ್ಟೇಟೊಂದರ ರೈಟರು ಮಧ್ಯಮಮಾರ್ಗದವರು. ಇಲ್ಲಿಯ ನೆಲ ಸ್ಪಿನ್ನರುಗಳದು. ಕುಂಬ್ಳೆ, ರಾಜು, ಚೌಹಾಣ್ ಮೂವರೂ ಆಡುವಾಗ ವೇಗದವರಿಗೆ ಉಳಿಯುವುದು ಎರಡೇ ಸ್ಥಾನ. ಅವುಗಳಲ್ಲೊಂದು ಬ್ಯಾಟಿಂಗೂ ಬಲ್ಲ ಪ್ರಭಾಕರನಿಗೆ. ಆದ್ದರಿಂದ ನಮ್ಮ ಒಬ್ಬ ಕನ್ನಡಿಗನ ದಾರಿಗೆ ಅಡ್ಡವಾಗಿರುವವರಲ್ಲಿ ನಮ್ಮ ಇನ್ನೊಬ್ಬ ಕನ್ನಡಿಗನೂ ಇದ್ದಾನೆಂದು ಅವರು ಲೆಕ್ಕ ಬಿಡಿಸಿ ತೋರಿಸಿದಾಗ ನಮಗೆ ಉತ್ತರ ತೋಚುತ್ತಿರಲಿಲ್ಲ.

ನಾನು ಶ್ರೀನಾಥರ ಪಕ್ಷದ ವಕೀಲ. ತರಗತಿಯಲ್ಲಿ ಮಾತನಾಡಿ ಪಳಗಿದ ಕಂಠ, ಎದುರಿಗೆ ಬಿಸಿ ಕಾಫಿ, ಇನ್ನೇನು ಬೇಕು? ವೇಗದ ಬೌಲರನ ಆಯುಷ್ಯವೇ ಐದಾರು ವರ್ಷ, ಇಪ್ಪತ್ತನಾಲ್ಕರ ತೋಳಿನಲ್ಲಿರುವ ವೇಗವನ್ನು ಬ್ಯಾಂಕಿನಲ್ಲಿಟ್ಟು ಮೂವತ್ತಕ್ಕೆ ಬಡ್ಡಿಸಮೇತ ಪಡೆಯಲಾಗುವುದಿಲ್ಲ, ಮೂವತ್ತನಾಲ್ಕರ ಕಪಿಲರಿಗೆ ನಾವು ಕೃತಜ್ಞರು, ಆದರೆ ಕೃತಜ್ಞತೆಯನ್ನು ಸಲ್ಲಿಸಲು ಬೇರೆ ಬಗೆಗಳುಂಟು, ತಂಡದ ಜಾಗವನ್ನೇ ಅರ್ಪಿಸಬೇಕಿಲ್ಲ, ಎಂದೆಲ್ಲ ನಾನು ಮೇಜು ಕುಟ್ಟಿ ಹೇಳುತ್ತಿದ್ದೆ. ಹೋಟೆಲಿನ ಮಾಣಿಯೂ ತಲೆದೂಗುತ್ತಿದ್ದನು.

ಈಗ ನಮ್ಮ ತಂಡದ ಮಾತು. ಆಲೂರಿನ ಕಡೆಯಿಂದ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದ ಒಬ್ಬ ವಿದ್ಯಾರ್ಥಿಯಿದ್ದನು. ತೋಟದ ಲೈನು ಮನೆಯಲ್ಲಿ ಬೆಳೆದ ಹುಡುಗ. ಕಡ್ಡಿಯಂಥ ಮೈ, ಉದ್ದನೆಯ ಕೈ. ಬರಿಗಾಲಿನಲ್ಲಿ ಓಡಿಬಂದು ಅವನು ಎಸೆದ ಚೆಂಡು ಮ್ಯಾಟಿನ ಮೇಲೆ ಪುಟಿದು ಕಿವಿಯ ಪಕ್ಕದಲ್ಲಿ ಹಾದುಹೋಗುವಾಗ ಜೀರುಂಡೆಯಂತೆ ಸದ್ದು ಕೇಳುತ್ತಿತ್ತು. ಎರಡು ವರ್ಷ ನಾನು ಅವನ ಹೆಸರನ್ನು ಪಟ್ಟಿಯಲ್ಲಿ ತಪ್ಪದೆ ಬರೆದೆ, ಹನ್ನೆರಡನೆಯದಾಗಿ. ಅವನು ನೀರು ತಂದುಕೊಟ್ಟನು, ಕಾಫಿಗಿಡಗಳ ನಡುವೆ ಬಿದ್ದ ಚೆಂಡನ್ನು ಹುಡುಕಿ ತಂದನು, ಮ್ಯಾಟನ್ನು ಸುತ್ತಿ ಹೊತ್ತನು. ತಂಡದವರು ಒಮ್ಮೊಮ್ಮೆ ಕೇಳಿದರೆ, "ಚಿಕ್ಕವನು, ಅವನಿಗೆ ಮುಂದೆ ಎಷ್ಟೋ ಪಂದ್ಯಗಳಿವೆ," ಎನ್ನುತ್ತಿದ್ದೆ. ಅಂಚೆ ಕಚೇರಿಯ ಹಿರಿಯರ ಮಾತು ನನ್ನ ಬಾಯಿಯಲ್ಲಿಯೇ ಬರುತ್ತಿದೆಯೆಂಬುದು ನನಗೆ ಹೊಳೆದಿರಲಿಲ್ಲ.

1994ರ ಜನವರಿಯ ಕೊನೆಗೆ ಬೆಂಗಳೂರಿನ ಟೆಸ್ಟಿನಲ್ಲಿ ಕಪಿಲರು ಹ್ಯಾಡ್ಲಿಯನ್ನು ಸರಿಗಟ್ಟಿದರು. ಫೆಬ್ರವರಿ 8ರಂದು ಅಹಮದಾಬಾದಿನಲ್ಲಿ ತಿಲಕರತ್ನೆಯ ವಿಕೆಟ್ಟು ಬಿದ್ದು ದಾಖಲೆ ಅವರದಾಯಿತು. ಹೋಟೆಲಿನಲ್ಲಿ ಅಂಚೆಯ ಹಿರಿಯರು ಎಲ್ಲರಿಗೂ ಮೈಸೂರುಪಾಕು ಹಂಚಿದರು; ನಾನೂ ತಿಂದೆ, ಮನಸ್ಸಿನಿಂದಲೇ ತಿಂದೆ.

ಅದರ ಮುಂದಿನ ಭಾನುವಾರ ನಮಗೊಂದು ಪಂದ್ಯ. ಕಾಫಿಯ ಕೊಯ್ಲು ಮುಗಿದು ಜನಕ್ಕೆ ಬಿಡುವಾಗಿದ್ದ ಕಾಲ. ಬಯಲಿನ ಸುತ್ತ ಒಳ್ಳೆಯ ನೆರವಿಯಿತ್ತು. ಹೊಸ ಚೆಂಡನ್ನು ನಾನೇ ತೆಗೆದುಕೊಂಡೆ. ಮೂರು ಓವರಿನಲ್ಲಿ ಮೂವತ್ತೊಂದು ರನ್ನು ಕೊಟ್ಟೆ. ಮೂರನೆಯ ಓವರು ಮುಗಿದಾಗ ನೀರಿನ ತಂಬಿಗೆ ಹಿಡಿದು ಆ ಹುಡುಗ ಬಂದನು. ಅವನ ಮುಖದಲ್ಲಿ ಕೋಪವಿರಲಿಲ್ಲ. "ಮುಂದಿನ ವರ್ಷ ನಾನಿರೋದಿಲ್ಲ ಸಾರ್. ಪರೀಕ್ಷೆ ಆದಮೇಲೆ ಕೆಲಸಕ್ಕೆ ಹೋಗಬೇಕು," ಎಂದಷ್ಟೇ ಹೇಳಿದನು. ನಾನು ನೀರು ಕುಡಿದೆ. ನಾಲ್ಕನೆಯ ಓವರನ್ನೂ ನಾನೇ ಎಸೆದೆ.

ಸೋತೆವೆಂದು ಬೇರೆ ಹೇಳಬೇಕಾಗಿಲ್ಲ. ಸೋಲು ಮರೆತುಹೋಯಿತು, ತಂಬಿಗೆ ಮರೆಯಲಿಲ್ಲ.

ಕಪಿಲರು ಆ ಮಾರ್ಚಿನಲ್ಲಿ 131ನೆಯ ಟೆಸ್ಟನ್ನಾಡಿ, 434 ವಿಕೆಟ್ಟುಗಳೊಡನೆ ಟೆಸ್ಟಿನ ಲೆಕ್ಕ ಮುಗಿಸಿದರು. ಶ್ರೀನಾಥರು ಸ್ವದೇಶದಲ್ಲಿ ಮೊದಲ ಟೆಸ್ಟನ್ನಾಡಿದ್ದು ಅದೇ ವರ್ಷದ ನವೆಂಬರಿನಲ್ಲಿ, ಮುಂಬಯಿಯಲ್ಲಿ, ವೆಸ್ಟ್ ಇಂಡೀಸಿನೆದುರು. ಬ್ರಿಸ್ಬೇನಿನಿಂದ ಮುಂಬಯಿಗೆ ಬರಲು ಮೂರು ವರ್ಷ ಹಿಡಿಯಿತು. ಅಲ್ಲಿಂದ ಮುಂದೆ 1996ರಲ್ಲಿ ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕದ ಮೇಲೆ 21 ರನ್ನಿಗೆ 6 ವಿಕೆಟ್ಟು, 1999ರಲ್ಲಿ ಕಲ್ಕತ್ತೆಯಲ್ಲಿ ಪಾಕಿಸ್ತಾನದ ಮೇಲೆ ಒಂದೇ ಪಂದ್ಯದಲ್ಲಿ 13 ವಿಕೆಟ್ಟು. ಒಟ್ಟು 67 ಟೆಸ್ಟುಗಳಲ್ಲಿ 236. ಕಾದದ್ದರಿಂದ ಕೆಡಲಿಲ್ಲವೆಂದು ಹಿರಿಯರೂ, ಕಾಯಿಸದಿದ್ದರೆ ಇನ್ನೆಷ್ಟೋ ಎಂದು ನಾನೂ ಇದೇ ಅಂಕಿಯನ್ನು ಸಾಕ್ಷಿಗೆ ಕರೆದೆವು. ಅಂಕಿಗಳು ಬಲು ಸೌಮ್ಯ ಸ್ವಭಾವದವು. ಕರೆದವರ ಮನೆಗೆಲ್ಲ ಬರುತ್ತವೆ.

2003ರ ಮಾರ್ಚ್ 23, ಭಾನುವಾರ. ಮದುವೆಯೊಂದಕ್ಕೆ ಆಲೂರಿಗೆ ಹೋಗಿದ್ದವನು ಮಧ್ಯಾಹ್ನ ಟೀವಿಯಿದ್ದ ಅಂಗಡಿಯೊಂದರ ಮುಂದೆ ನಿಂತೆ. ಜೊಹಾನ್ಸ್‌ಬರ್ಗಿನಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ. ಆ ಪಂದ್ಯಾವಳಿಯಲ್ಲಿ 16 ವಿಕೆಟ್ಟು ಪಡೆದಿದ್ದ ಶ್ರೀನಾಥರು ಅಂದು ಹತ್ತು ಓವರಿನಲ್ಲಿ 87 ರನ್ನು ಕೊಟ್ಟು ಬರಿಗೈಯಲ್ಲಿದ್ದರು. "ಮುದುಕ ಆದ, ಇವನನ್ನು ಯಾಕೆ ಇಟ್ಟುಕೊಂಡರೋ! ಹುಡುಗರಿಗೆ ಬಿಡಬಾರದೆ?" ಎಂದು ಗುಂಪು ಗೊಣಗುತ್ತಿತ್ತು. ಹಿಂದೆ ನನ್ನ ವಾದಕ್ಕೆ ತಲೆದೂಗಿದವರ ದನಿಯೇ ಅದು.

"ಹಂಗನ್ನಬೇಡಿ. ಎದ್ದು ಹೋಗೋಕೆ ಮನಸ್ಸು ಬರಬೇಕಾದರೆ ಹೊಟ್ಟೆ ತುಂಬ ಆಡಿರಬೇಕು. ಅವನನ್ನು ಮೊದಲು ಕೂರಿಸಿದ್ದರಲ್ಲ," ಎಂದಿತು ಇನ್ನೊಂದು ದನಿ. ತಿರುಗಿದೆ. ಉದ್ದನೆಯ ಕೈ, ಈಗ ಜೀಪಿನ ಬೀಗದ ಕೈ ಹಿಡಿದಿತ್ತು. ನನ್ನನ್ನು ಕಂಡೊಡನೆ ಅವನು ಹಿಂದಿನಂತೆಯೇ "ಸಾರ್" ಎಂದು ಕೈಮುಗಿದನು. ಒಂಬತ್ತು ವರ್ಷದ ಮಾತನ್ನು ನಾನು ತಡವರಿಸುತ್ತ ಹೇಳಿದೆ: ಆ ದಿನ ಚೆಂಡನ್ನು ನಿನಗೆ ಕೊಡಬೇಕಾಗಿತ್ತು ಎಂದೆ.

ಅವನು ನಕ್ಕನು. "ಮೂರನೇ ಓವರಿನ ಆಮೇಲೆ ಕೊಡ್ತೀರಿ ಅಂತ ಬೂಟು ಕೂಡ ಕೇಳಿ ತಂದಿದ್ದೆ ಸಾರ್," ಎಂದನು. ಆಮೇಲೆ, ಬಸ್ಸು ಹೋಗಿಬಿಟ್ಟಿದೆಯೆಂದು ನೆನಪಿಸಿ, ಬೇಡವೆಂದರೂ ಕೇಳದೆ ನನ್ನನ್ನು ಜೀಪಿನಲ್ಲಿ ಸಕಲೇಶಪುರದವರೆಗೆ ಬಿಟ್ಟುಬಂದನು.

ಈಗಲೂ ಹೋಟೆಲುಗಳಲ್ಲಿ ಯಾರು ಉಳಿಯಬೇಕು, ಯಾರು ಹೋಗಬೇಕೆಂಬ ಚರ್ಚೆ ನಡೆಯುತ್ತದೆ. ನಾನು ಕಾಫಿ ಕುಡಿಯುತ್ತ ಕೇಳುತ್ತೇನೆ, ಮೇಜು ಕುಟ್ಟುವುದಿಲ್ಲ.