ಶರಣಾದ ಮೇಲೆ ಏನಾಗುತ್ತೆ?

2025ರ ಜನವರಿ 8ರಂದು ಆರು ಜನ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದರು. ಅವತ್ತು ರಾತ್ರಿ ಮೆಸ್ಸಿನಲ್ಲಿ ನಮ್ಮ ಟೇಬಲ್‌ನಿಂದ ಬಂದ ಮೊದಲ ಮಾತು: "ನಾವು ಎಜುಕೇಷನ್ ಲೋನ್ ತೀರಿಸ್ಬೇಕು, ಅವರಿಗೆ ಲಕ್ಷಗಟ್ಟಲೆ ಫ್ರೀನಾ?" ನಾವೆಲ್ಲ ಹೌದಲ್ವಾ ಅಂತ ತಲೆಯಾಡಿಸಿದ್ವಿ. ಆಮೇಲೆ ಓದ್ತಾ ಹೋದಾಗ ನಮಗೆ ಗೊತ್ತಿದ್ದದ್ದು ಅರ್ಧಂಬರ್ಧ ಅಂತ ಗೊತ್ತಾಯ್ತು.

ಶರಣಾಗತಿ ಅಂದ್ರೆ ಕ್ಷಮೆ ಅಲ್ಲ. ಆ ಆರೂ ಜನ ಅಲ್ಲಿಂದ ಮನೆಗೆ ಹೋಗಲಿಲ್ಲ, ನ್ಯಾಯಾಂಗ ಬಂಧನಕ್ಕೆ ಹೋದರು. ಶರಣಾದ ಮಾತ್ರಕ್ಕೆ ಕೇಸು ಬಿದ್ದುಹೋಗಲ್ಲ, ಕೋರ್ಟಿನಲ್ಲಿ ನಡೆಯಲೇಬೇಕು. ದುಡ್ಡು ಕೂಡ ಕಂತುಗಳಲ್ಲಿ ಬರುತ್ತೆ.

ಅಂದರೆ ಶಿಕ್ಷೆ ಕೊಡೋಕೆ ಕೋರ್ಟ್ ಇದೆ. ಅದರ ಮೇಲೆ ನಾವು ಸೇರಿಸೋ ಶಿಕ್ಷೆ ಬೇರೆ: ಬಾಡಿಗೆಗೆ ಮನೆ ಕೊಡದಿರೋದು, ಕೂಲಿಗೂ ಕರೆಯದಿರೋದು, ಅವರ ಮನೆ ಮಕ್ಕಳನ್ನೂ ಅದೇ ಹೆಸರಿನಿಂದ ಕರೆಯೋದು. ಇದಕ್ಕೆ ಅವಧಿಯೇ ಇಲ್ಲ.

ಕಾಡಿನಲ್ಲಿ ಇನ್ನೂ ಉಳಿದವರು, ಮೊದಲು ಹೊರಬಂದವರ ಗತಿ ಏನಾಯ್ತು ಅಂತ ನೋಡ್ತಾ ಇರ್ತಾರೆ. (ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಫೀಡ್‌ಬ್ಯಾಕ್ ಅಂದ್ರೆ ಸಾಕು.) 2014ರಲ್ಲಿ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಚಿಕ್ಕಮಗಳೂರಿನಲ್ಲಿ ಮುಖ್ಯವಾಹಿನಿಗೆ ಬಂದರು. ಹತ್ತು ವರ್ಷದ ನಂತರ ಈ ಆರು ಜನರನ್ನು ಹೊರಗೆ ತರಲು ಮಾತುಕತೆ ನಡೆಸಿದವರಲ್ಲಿ ಅದೇ ನೂರ್ ಶ್ರೀಧರ್ ಇದ್ದರು. ಸಮಾಜ ಅವರನ್ನು ದೂರ ಇಟ್ಟಿದ್ದರೆ ಅವರ ಮಾತನ್ನು ಯಾರು ನಂಬ್ತಿದ್ರು? ಈ ಶರಣಾಗತಿಗೆ ಎರಡು ತಿಂಗಳೂ ಮುಂಚೆ ಇಲ್ಲ, ಹೆಬ್ರಿ ತಾಲ್ಲೂಕಿನ ಕಾಡಿನಲ್ಲಿ ವಿಕ್ರಮ್ ಗೌಡ ಎನ್‌ಕೌಂಟರ್‌ನಲ್ಲಿ ಸತ್ತಿದ್ದರು. ಎರಡು ದಾರಿಗಳೂ ಅವರ ಕಣ್ಣೆದುರಿಗೇ ಇದ್ದವು.

ಇಷ್ಟೆಲ್ಲ ಹೇಳೋದು ಮೆಸ್ಸಿನಲ್ಲಿ ಕೂತವರಿಗೆ ಸುಲಭ. 2005ರಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರ ದಾಳಿಗೆ ಪೊಲೀಸರು ಬಲಿಯಾದರು. ಅವರ ಮನೆಯವರಿಗೆ "ಮರೆತುಬಿಡಿ" ಅನ್ನೋ ಹಕ್ಕು ನಮಗಿಲ್ಲ. ಅವರ ಸಿಟ್ಟು ನ್ಯಾಯವಾದದ್ದು. ಆದರೆ ಅವರ ನೋವನ್ನು ನಾವು ಕಡ ತಗೊಂಡು, ಏನೂ ಕಳ್ಕೊಳ್ಳದೆ ವಾಟ್ಸಾಪ್ ಸ್ಟೇಟಸ್ ಹಾಕೋದು ಸರಿ ಅನ್ನಿಸಲ್ಲ.

ನಮ್ಮಲ್ಲೊಬ್ಬ ಕೊಪ್ಪದ ಕಡೆಯವನು. ರಜೆಗೆ ಹೋದಾಗ ಅವನ ಅಮ್ಮನ ಹತ್ರ ಈ ವಿಷಯ ಎತ್ತಿದ್ದಾನೆ. ಅವರು ಒಂದು ಸಲವೂ "ನಕ್ಸಲ್" ಅನ್ನಲಿಲ್ಲವಂತೆ. "ಆ ಮೇಲಿನ ಮನೆ ಹುಡುಗಿನಾ? ಊಟ ಮಾಡ್ತಾಳಂತಾ ಸರಿಯಾಗಿ?" ಅಂತ ಕೇಳಿದರಂತೆ.