ಹೊಲಿದ ಎದೆ, ಒದೆಯುವ ಕೋವಿ

ಹನೂರು ಸೀಮೆಯ ಕಾಡಂಚಿನ ಹಳ್ಳಿಗಳಲ್ಲಿ ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಕೋವಿಗಳು ಇವತ್ತಿಗೂ ಇವೆ. ಚುನಾವಣೆ ಬಂತೆಂದರೆ ಅವು ಪೊಲೀಸ್ ಠಾಣೆ ಸೇರುತ್ತವೆ, ಮುಗಿದ ಮೇಲೆ ಮನೆಗೆ ಮರಳುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು. ಬಿಳಿಗಿರಿರಂಗನ ಬೆಟ್ಟದ ಹೊನ್ನಮೇಟಿ ತೋಟದಲ್ಲಿದ್ದ ಆರ್.ಸಿ. ಮಾರಿಸ್ ಅದಕ್ಕೂ ಮೊದಲೇ ಶಿಕಾರಿಯಿಂದ ವನ್ಯಜೀವಿಗಳ ಅಧ್ಯಯನ, ಸಂರಕ್ಷಣೆಯ ಕಡೆಗೆ ಹೊರಳಿದ್ದರು. ಈಗ ಬಂದೂಕಿನ ಹವ್ಯಾಸ ಎಂದರೆ ಗುರಿ ಹೊಡೆಯುವ ಆಟ ಅಷ್ಟೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಸಮಯಕ್ಕೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಪೇಟೆಗಳಲ್ಲಿ ಏರ್ ರೈಫಲ್ ಕಲಿಯುವವರಿದ್ದಾರೆ.

ಇಂಥ ಹವ್ಯಾಸ ಇರುವವರಿಗೆ ಐವತ್ತು, ಅರವತ್ತರ ವಯಸ್ಸಿನಲ್ಲಿ ಬೈಪಾಸ್ ಆದರೆ ಮುಂದೇನು? ಹನೂರು, ಕೊಳ್ಳೇಗಾಲದ ಕಡೆಯವರು ಹೃದಯದ ದೊಡ್ಡ ಚಿಕಿತ್ಸೆಗೆ ಸಾಮಾನ್ಯವಾಗಿ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ಮನೆಗೆ ಕಳಿಸುವಾಗ ಭಾರ ಎತ್ತಬೇಡಿ, ಬೈಕ್ ಓಡಿಸಬೇಡಿ, ಉಪ್ಪು ಕಡಿಮೆ ಮಾಡಿ ಎಂದು ಹೇಳಿ ಕಳಿಸುತ್ತಾರೆ. ಕೋವಿಯ ಮಾತನ್ನು ರೋಗಿಯೂ ಎತ್ತುವುದಿಲ್ಲ, ವೈದ್ಯರಿಗೂ ಹೊಳೆಯುವುದಿಲ್ಲ.

ಗುರಿ ಹೊಡೆದರೆ ಹೃದಯಕ್ಕೆ ಶ್ರಮವಾಗುತ್ತದೆ ಎಂಬ ಭಯ ಸಹಜ. ಆದರೆ ದೇಹದ ಶ್ರಮವನ್ನು ಅಳೆಯುವ 'ಮೆಟ್' ಲೆಕ್ಕದಲ್ಲಿ ಸುಮ್ಮನೆ ಕೂತಿರುವುದು 1 ಆದರೆ, ನಿಂತು ಗುರಿ ಹೊಡೆಯುವುದು ಸುಮಾರು 2.5. ಸಮತಟ್ಟು ರಸ್ತೆಯಲ್ಲಿ ನಿಧಾನ ನಡೆದಷ್ಟೇ ಕೆಲಸ. ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವುದು ಇದರ ಎಷ್ಟೋ ಪಟ್ಟು ಕಷ್ಟ. ಇಲ್ಲಿ ಮೊದಲು ಯೋಚಿಸಬೇಕಾದದ್ದು ಹೃದಯದ ಮುಂದಿರುವ ಮೂಳೆಯ ಬಗ್ಗೆ.

ಭಾರತದ ಮೊದಲ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು 1975ರಲ್ಲಿ ಡಾ. ಕೆ.ಎಂ. ಚೆರಿಯನ್ ಚೆನ್ನೈನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಮಾಡಿದರು. ಇಂದಿಗೂ ಹೆಚ್ಚಿನ ಬೈಪಾಸ್‌ಗಳಲ್ಲಿ ಹೃದಯ ತಲುಪುವ ದಾರಿ ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳುವುದೇ. ಕೆಲಸ ಮುಗಿದ ಮೇಲೆ ಎರಡು ಹೋಳುಗಳನ್ನು ಸೀಳುಬಿದಿರನ್ನು ಕಟ್ಟಿದ ಹಾಗೆ ಸ್ಟೀಲ್ ತಂತಿಗಳಿಂದ ಬಿಗಿಯುತ್ತಾರೆ. ತಂತಿ ಹೋಳುಗಳನ್ನು ಹಿಡಿದಿಡುತ್ತದೆ, ಬೆಸೆಯುವ ಕೆಲಸ ಮೂಳೆಯದೇ. ಅದಕ್ಕೆ ಆರರಿಂದ ಎಂಟು ವಾರ ಬೇಕು. ಗಟ್ಟಿಯಾಗಲು ಮೂರು ತಿಂಗಳಾದರೂ ಹಿಡಿಯುತ್ತದೆ. ಹೃದಯಕ್ಕೆ ಜೋಡಿಸಲು ಎದೆಗೋಡೆಯ ಒಳಗಿನ ಅಪಧಮನಿಯನ್ನು ಬಿಡಿಸಿಕೊಂಡಿದ್ದರೆ, ಮೂಳೆಯ ಆ ಬದಿಗೆ ಹೋಗುವ ರಕ್ತವೂ ಕಡಿಮೆಯಾಗಿರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ, ಬೀಡಿ ಬಿಡದವರಿಗೆ, ಕೆಮ್ಮು ನಿಲ್ಲದವರಿಗೆ ಮೂಳೆ ಕೂಡುವುದು ಇನ್ನೂ ತಡ.

ಮೊದಲ ವಾರಗಳಲ್ಲಿ ನಾಲ್ಕೈದು ಕೆ.ಜಿ.ಗಿಂತ ಹೆಚ್ಚು ಎತ್ತಬಾರದು ಎನ್ನುವುದುಂಟು. ತೋಟಾ ಕೋವಿಯ ತೂಕ ಸುಮಾರು ಮೂರೇ ಕೆ.ಜಿ. ಹಾಗಾದರೆ ಪರವಾಗಿಲ್ಲವೇ? ಇಲ್ಲ. ಎದೆಯ ದೊಡ್ಡ ಸ್ನಾಯುಗಳು ಈ ನಡುಮೂಳೆಗೇ ಅಂಟಿಕೊಂಡಿವೆ. ಎರಡೂ ಕೈ ಮೈಗೆ ಹತ್ತಿರವಿದ್ದು ಸಮನಾಗಿ ಭಾರ ಹೊತ್ತರೆ ಎರಡು ಹೋಳುಗಳ ಮೇಲೂ ಸಮ ಎಳೆತ. ಕೋವಿ ಹಿಡಿದಾಗ ಒಂದು ಕೈ ಮುಂದೆ ಚಾಚಿರುತ್ತದೆ, ಇನ್ನೊಂದು ಮಡಚಿರುತ್ತದೆ, ಭಾರವೆಲ್ಲ ಒಂದೇ ಕಡೆ. ಕೂಡುತ್ತಿರುವ ಮೂಳೆಯನ್ನು ಕದಲಿಸುವುದು ಇಂಥ ಓರೆ ಎಳೆತವೇ.

ಇದರ ಮೇಲೆ ಒದೆತ ಬೇರೆ. ಗುಂಡು ಮುಂದೆ ಹೋದರೆ ಕೋವಿ ಹಿಂದೆ ಬರಲೇಬೇಕು, ನ್ಯೂಟನ್ ನಿಯಮ. 12 ಬೋರ್ ಕೋವಿಯಿಂದ 32 ಗ್ರಾಂ ಸೀಸದ ಗುಂಡುಗಳು ಸೆಕೆಂಡಿಗೆ 375 ಮೀಟರ್ ವೇಗದಲ್ಲಿ ಹೊರಟರೆ, ಮೂರು ಕೆ.ಜಿ. ಕೋವಿ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಭುಜಕ್ಕೆ ಬಡಿಯುತ್ತದೆ. ಅದೇ ಕೋವಿಯನ್ನು 80 ಸೆಂಟಿಮೀಟರ್ ಎತ್ತರದಿಂದ ಕೈಬಿಟ್ಟರೆ ನೆಲ ಮುಟ್ಟುವಾಗ ಇರುವ ವೇಗ ಇದು. ಮದ್ದಿನ ಅನಿಲದ ಪಾಲು ಸೇರಿದರೆ ಇನ್ನೂ ಹೆಚ್ಚು. ಅನಿಲದ ಪಾಲು ಬಿಟ್ಟರೂ ಶಕ್ತಿಯ ಲೆಕ್ಕದಲ್ಲಿ ಇದು ಸುಮಾರು 24 ಜೌಲ್. .22 ರೈಫಲ್‌ನ ಗುಂಡು ಕೇವಲ 2.6 ಗ್ರಾಂ, ಅದರ ಒದೆತ ಅರ್ಧ ಜೌಲ್ ಕೂಡ ಇಲ್ಲ. ಅರ್ಧ ಗ್ರಾಂ ತೂಕದ ಗುಂಡು ಹಾರಿಸುವ ಸ್ಪರ್ಧೆಯ ಏರ್ ರೈಫಲ್‌ನ ಒದೆತ ಭುಜಕ್ಕೆ ತಿಳಿಯುವುದೇ ಇಲ್ಲ.

ಹಾಗೆಂದು ಏರ್ ಗನ್ ಎಂದ ಕೂಡಲೇ ಹಗುರ ಎಂದುಕೊಳ್ಳಬಾರದು. ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಸ್ಪ್ರಿಂಗ್ ಏರ್ ಗನ್‌ನಲ್ಲಿ ಪ್ರತಿ ಸಲವೂ ನಳಿಗೆಯನ್ನು ಹಿಡಿದು ಬಲವಾಗಿ ಬಗ್ಗಿಸಬೇಕು. ಎದೆಮೂಳೆಗೆ ಗುಂಡಿನ ಒದೆತಕ್ಕಿಂತ ಈ ಎಳೆದಾಟವೇ ಅಪಾಯ. ಮೊದಲೇ ಗಾಳಿ ತುಂಬಿಟ್ಟ ಸಿಲಿಂಡರ್ ಇರುವ ಬಂದೂಕಿನಲ್ಲಿ ಈ ಕಷ್ಟವಿಲ್ಲ, ಸಿಲಿಂಡರ್‌ಗೆ ಗಾಳಿ ತುಂಬುವ ಕೆಲಸವನ್ನು ಬೇರೆಯವರು ಮಾಡಿಕೊಡಬೇಕು.

ಔಷಧಗಳ ಕಡೆಯಿಂದಲೂ ಎರಡು ಮಾತು. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಸಣ್ಣ ಪೆಟ್ಟಿಗೂ ಚರ್ಮದಡಿ ರಕ್ತ ಕಟ್ಟುತ್ತದೆ. ಒದೆಯುವ ಕೋವಿ ಭುಜವನ್ನು ಕಪ್ಪಗೆ ಮಾಡೀತು. ಪೇಸ್‌ಮೇಕರ್ ಹಾಕಿಸಿಕೊಂಡವರದು ಬೇರೆಯೇ ಪ್ರಶ್ನೆ. ಅದನ್ನು ಸಾಮಾನ್ಯವಾಗಿ ಎಡ ಕೊರಳೆಲುಬಿನ ಕೆಳಗೆ ಕೂರಿಸುತ್ತಾರೆ. ಎಡಗೈಯವರು ಕೋವಿಯ ಹಿಂಬದಿಯನ್ನು ಆನಿಸುವುದು ಸರಿಯಾಗಿ ಅಲ್ಲೇ. ಪದೇ ಪದೇ ಪೆಟ್ಟು ಬಿದ್ದರೆ ಹೃದಯಕ್ಕೆ ಹೋಗುವ ತಂತಿ ಕೆಡಬಹುದು. ಅವರು ಬಲ ಭುಜಕ್ಕೆ ಬದಲಾಗಬೇಕು, ಇಲ್ಲವೇ ಪಿಸ್ತೂಲಿಗೆ.

ಬೈಪಾಸ್ ಆದ ಹಲವರಿಗೆ ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ಕೊಡುತ್ತಾರೆ. ಅಡ್ರಿನಲಿನ್‌ನ ಅಬ್ಬರ ತಗ್ಗಿಸಿ ಹೃದಯದ ಬಡಿತ ನಿಧಾನಿಸುವ ಔಷಧ ಇದು. ಈ ಬಗೆಯ ಪ್ರೊಪ್ರನೊಲಾಲ್ ಅನ್ನು ರೂಪಿಸಿದ ಜೇಮ್ಸ್ ಬ್ಲ್ಯಾಕ್‌ಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅದೇ ಪ್ರೊಪ್ರನೊಲಾಲ್ ದೇಹದಲ್ಲಿ ಸಿಕ್ಕಿತೆಂದು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಶೂಟರ್ ಕಿಮ್ ಜಾಂಗ್ ಸು ಗೆದ್ದಿದ್ದ ಬೆಳ್ಳಿ, ಕಂಚು ಎರಡನ್ನೂ ಕಳೆದುಕೊಂಡರು. ಶೂಟಿಂಗ್‌ನಲ್ಲಿ ಬೀಟಾ ಬ್ಲಾಕರ್ ನಿಷಿದ್ಧ, ಏಕೆಂದರೆ ಕೈನಡುಕ ತಗ್ಗುತ್ತದೆ. ಬಡಿತ ನಿಧಾನವಾದಷ್ಟೂ ಎರಡು ಬಡಿತಗಳ ನಡುವಿನ ಬಿಡುವೂ ಹೆಚ್ಚು. ನಿಮಿಷಕ್ಕೆ 60 ಸಲ ಬಡಿಯುವ ಹೃದಯ ಪ್ರತಿ ಸೆಕೆಂಡಿನ ಸುಮಾರು ಮೂರನೇ ಎರಡು ಪಾಲು ವಿಶ್ರಾಂತಿಯಲ್ಲಿರುತ್ತದೆ. 1987ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನವೊಂದರಲ್ಲಿ ನುರಿತ ಶೂಟರ್‌ಗಳು ಈ ಬಿಡುವಿನಲ್ಲೇ ಟ್ರಿಗರ್ ಒತ್ತುವುದು ಕಂಡುಬಂದಿತ್ತು. ಮನೆಯ ಮಟ್ಟಿಗೆ ಗುರಿ ಹೊಡೆಯುವವರಿಗೆ ನಿಷೇಧದ ಚಿಂತೆಯಿಲ್ಲ. ಅಧಿಕೃತ ಸ್ಪರ್ಧೆಗೆ ಇಳಿಯುವವರು ಮೊದಲೇ ವಿನಾಯಿತಿಯ ವಿಚಾರ ಕೇಳಬೇಕು, ಅದು ಸುಲಭವಾಗಿ ಸಿಗುವುದಿಲ್ಲ. ಪದಕಕ್ಕಾಗಿ ಮಾತ್ರೆ ನಿಲ್ಲಿಸುವುದು ಮಾತ್ರ ಪ್ರಾಣಕ್ಕೇ ಅಪಾಯ.

ಹಾಗಾದರೆ ಕ್ರಮ ಹೇಗಿರಬೇಕು? ಮೊದಲ ಮೂರು ತಿಂಗಳು ಕೋವಿ ಬೀರುವಿನಲ್ಲೇ ಇರಲಿ. ಆ ದಿನಗಳಲ್ಲಿ ನಡಿಗೆಯೇ ಔಷಧ. ಮೂಳೆ ಕೂಡಿದೆ ಎಂದು ಶಸ್ತ್ರವೈದ್ಯರು ಹೇಳಿದ ಮೇಲೆ ಏರ್ ಪಿಸ್ತೂಲು, ಅಥವಾ ಮೇಜಿನ ಮೇಲೆ ಆನಿಸಿದ ಏರ್ ರೈಫಲ್. ಎದೆಗೆ ನೋವಿಲ್ಲವೆಂದಾದರೆ ನಿಂತು ಹೊಡೆಯುವುದು, ಆಮೇಲೆ ಶೂಟಿಂಗ್ ರೇಂಜಿನಲ್ಲಿ .22. 12 ಬೋರ್ ಎಲ್ಲಕ್ಕಿಂತ ಕೊನೆಗೆ, ಬಿಟ್ಟರೂ ನಷ್ಟವಿಲ್ಲ. ಉಸಿರು ಹಿಡಿದು ತಿಣುಕಬಾರದು, ರಕ್ತದೊತ್ತಡ ಏರುತ್ತದೆ. ಅರ್ಧ ಉಸಿರು ಬಿಟ್ಟು ಕೆಲವೇ ಸೆಕೆಂಡು ನಿಲ್ಲಿಸಿದರೆ ಸಾಕು. ಎದೆಯಲ್ಲಿ 'ಕಟಕ್' ಎಂದು ಮೂಳೆ ಸದ್ದು ಮಾಡಿದರೆ, ಗಾಯ ಒಸರಿದರೆ, ಜ್ವರ ಬಂದರೆ, ತಲೆ ಸುತ್ತಿದರೆ ಕೋವಿ ಕೆಳಗಿಟ್ಟು ಆಸ್ಪತ್ರೆಗೆ ಹೊರಡಿ.

ಏರ್ ರೈಫಲ್ ಆಟ ಮಕ್ಕಳದು ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಒಲಿಂಪಿಕ್ಸ್‌ನಲ್ಲೂ ಅದರ ದೂರ 10 ಮೀಟರ್, ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರಿಗೆ 2013ರಲ್ಲಿ ಮುಖದ ಒಂದು ಬದಿ ಪಾರ್ಶ್ವವಾಯು ಬಡಿದಿತ್ತು. ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರು ಬೆಳ್ಳಿ ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲೇ.

ಆಸ್ಪತ್ರೆಯಿಂದ ಹೊರಡುವ ಮುನ್ನ ನಿಮ್ಮ ಹವ್ಯಾಸವನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿ. ಯಾವ ಕೋವಿ, ಎಷ್ಟು ತೂಕ, ಯಾವ ಭುಜಕ್ಕೆ ಆನಿಸುತ್ತೀರಿ ಎಂಬ ಮೂರು ವಿವರ ಕೊಟ್ಟರೆ, ಯಾವಾಗ ಶುರುಮಾಡಬಹುದು ಎಂಬ ಪ್ರಶ್ನೆಗೆ ಅವರು ಖಚಿತ ಉತ್ತರ ಕೊಡಬಲ್ಲರು.